ಮಾವ ಕಟ್ಟಿದ ಗಂಟು

ನಮ್ಮ ಮಾವನ ಪಕ್ಕ ಹೆಚ್ಚು ಹೊತ್ತು ಸುಮ್ಮನೆ ಕೂರಬೇಡಿ. ನಿಮ್ಮನ್ನೂ ಯಾವುದಕ್ಕಾದರೂ ಕಟ್ಟಿಹಾಕಿಬಿಡುತ್ತಾನೆ.

ಅಮ್ಮನ ತಮ್ಮ ಅವನು, ಸೊರಬದ ಕಡೆಯವನು. ಮದುವೆ, ಮಕ್ಕಳು ಏನೂ ಮಾಡಿಕೊಳ್ಳದೆ ನಮ್ಮ ಜೊತೆಯೇ ಇದ್ದಾನೆ. ಹಗ್ಗ ಕಂಡರೆ ಅವನ ಕೈ ತುರಿಸುತ್ತದೆ. ಬಕೆಟ್ಟು ನಲ್ಲಿಗೆ, ಪೊರಕೆ ಕಿಟಕಿಗೆ, ಪ್ಲಾಸ್ಟಿಕ್ ಕುರ್ಚಿ ತೆಂಗಿನ ಮರಕ್ಕೆ. ಯಾಕೆ ಮಾವ ಅಂದರೆ, "ಗಾಳಿ ಬಂದ್ರೆ?" ಅನ್ನುತ್ತಾನೆ. ಎಲೆ ಅಲುಗದ ದಿನವೂ ಇದೇ ಮಾತು.

ಒಮ್ಮೆ ಇಬ್ಬರೂ ಚಂದ್ರಗುತ್ತಿಗೆ ಹೊರಟಾಗ ತನ್ನ ಬ್ಯಾಗನ್ನು ಬಸ್ಸಿನ ಸೀಟಿಗೆ ಬಿಗಿದ. ಇಳಿಯುವಾಗ ಗಂಟು ಬಿಚ್ಚಲಿಲ್ಲ.

"ಇಳೀರಿ ಯಜಮಾನ್ರೇ, ಬಸ್ ಹೊರಡ್ಬೇಕು," ಅಂದ ಕಂಡಕ್ಟರ್.

"ಹೊರಡಪ್ಪ. ಬ್ಯಾಗ್ ಎಲ್ಲಿಗೋ ನಾನೂ ಅಲ್ಲಿಗೆ."

"ಇವ್ರು ನಿಮ್ಮೋರೇನ್ರೀ?" ಅಂತ ಕಂಡಕ್ಟರ್ ನನ್ನನ್ನು ಕೇಳಿದ. ಅಲ್ಲ ಅಂದೆ. ಅಷ್ಟರಲ್ಲಿ ಮಾವ, "ಏ ಅಳಿಯ, ಈ ತುದಿ ಹಿಡಿ" ಅಂದ. ಬಸ್ಸಿನವರೆಲ್ಲ ನನ್ನ ಮುಖ ನೋಡಿದರು. ತುದಿ ಹಿಡಿದೆ.

ನಾನೇನು ಕಡಿಮೆ ಅಂದುಕೊಂಡಿರಾ? ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಜಂಬ ಮಾತ್ರ ಎಂಜಿನಿಯರಿನದು. ಶಿರಾಳಕೊಪ್ಪ ರಸ್ತೆಯಲ್ಲಿ, ಮನೆ ಮುಂದೆಯೇ ನನ್ನ ಪಂಕ್ಚರ್ ಅಂಗಡಿ. ನನ್ನದು ಅಂತ ಮಾಡಿಕೊಂಡದ್ದು ಅದೊಂದೇ. ವರ್ಷಗಟ್ಟಲೆ ಬಿಸಿಲಲ್ಲಿ ಟ್ಯೂಬು ತಿಕ್ಕಿ ಈ ಬೇಸಿಗೆಯಲ್ಲಿ ಅದರ ಮಾಡಿಗೆ ಹಸಿರು ಕಲರ್ ಶೀಟು ಹಾಕಿದೆ. ಮಾವ ಹಗ್ಗ ಹಿಡಿದು ಬಂದ.

"ಮೇಲೆ ಎರಡು ಸುತ್ತು ಬಿಗಿತೀನಿ ಮಾರಾಯ."

"ಬ್ಯಾಡ ಮಾವ. ದನದ ಕೊಟ್ಟಿಗೆ ಕಂಡಂಗ್ ಕಾಣ್ತೈತಿ. ಬೋಲ್ಟು ನಾನೇ ಬಿಗಿದೀನಿ."

ನಾನೇ ಬಿಗಿದದ್ದು ಅನ್ನುವುದೇ ತೊಂದರೆ ಅಂತ ಆಗ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ಮೊಬೈಲು ಕಿಟಾರನೆ ಕಿರುಚಿತು. ಬಿರುಗಾಳಿ, ಗುಡುಗು, ಸುರಕ್ಷಿತ ಜಾಗದಲ್ಲಿರಿ ಅಂತ ಸರ್ಕಾರದ ಎಚ್ಚರಿಕೆ ಕನ್ನಡದಲ್ಲೇ ಬಂದಿತ್ತು. ಹಿಂದಿನ ವಾರವೂ ಹೀಗೇ ಕಿರುಚಿ ಒಂದು ಹನಿ ಬಿದ್ದಿರಲಿಲ್ಲ. ಓಕೆ ಒತ್ತಿ ಟ್ಯೂಬನ್ನು ನೀರಿಗೆ ಅದ್ದಿದೆ. ಮಾವ ಮಾತ್ರ ಮನೆಯಲ್ಲಿದ್ದ ಹಗ್ಗವನ್ನೆಲ್ಲ ಎತ್ತಿಕೊಂಡು ನೀರಿನ ಡ್ರಮ್ಮು ಕಟ್ಟಲು ಓಡಿದ. ನಾನು ನಕ್ಕೆ.

ನಗು ಮುಗಿದಿರಲಿಲ್ಲ, ತಾಳಗುಂದದ ಕಡೆಯ ಬಯಲಿನಿಂದ ಕೆಂಪು ಕಂಬದ ಹಾಗೆ ಸುಂಟರಗಾಳಿ ಎದ್ದು ಬಂತು. ಕಾಗದ ಸುತ್ತಿಸಿ ಬಿಡುವ ಗಾಳಿಯಲ್ಲ, ಯಾರದೋ ಬಣವೆಯನ್ನೇ ಹೊತ್ತು ತರುತ್ತಿತ್ತು. ನನ್ನ ಶೀಟುಗಳು ಪಟಪಟ ಅಂದವು. ಬುದ್ಧಿ ಇದ್ದವನು ಮನೆಯೊಳಗೆ ಓಡುತ್ತಾನೆ. ನಾನು ಮಾಡಿನ ಪೈಪಿಗೆ ಜೋತುಬಿದ್ದೆ. ಇಡೀ ಮಾಡು ಎತ್ತುವ ಗಾಳಿಗೆ ನಾನೊಬ್ಬ ಭಾರವೇ? ಚಪ್ಪಲಿ ಹಾರಿತು. ಪೈಪು ಮೇಲೆದ್ದಿತು, ಅದರ ಜೊತೆ ನಾನೂ.

ಯಾರೋ ಸೊಂಟ ಹಿಡಿದು ಕೆಳಗೆ ಎಳೆದರು. ಮಾವ. ಹಗ್ಗವೆಲ್ಲ ಡ್ರಮ್ಮಿನ ಪಾಲಾಗಿತ್ತು. ಉಟ್ಟ ಪಂಚೆ ಬಿಚ್ಚಿ, ನನ್ನ ಸೊಂಟವನ್ನು ಅಂಗಡಿಯ ಕಲ್ಲುಕಂಬಕ್ಕೆ ಸುತ್ತಿ ಬಿಗಿದ. ಆಮೇಲೆ ಕಂಬವನ್ನೂ ನನ್ನನ್ನೂ ಸೇರಿಸಿ ತಬ್ಬಿಕೊಂಡ. ಶೀಟುಗಳು ಒಂದರ ಹಿಂದೆ ಒಂದು ಹೋಗುವುದನ್ನು ಅವನ ಭುಜದ ಮೇಲಿಂದ ನೋಡಿದೆ.

ಗಾಳಿ ನಿಂತಾಗ ಅಂಗಡಿಗೆ ಆಕಾಶವೇ ಮಾಡು. ಅಮ್ಮ ಓಡಿಬಂದವಳು ರಸ್ತೆ ಬದಿಯಲ್ಲಿ ಬರೀ ಚಡ್ಡಿಯಲ್ಲಿ ನಿಂತ ತಮ್ಮನನ್ನು ನೋಡಿದಳು.

"ಪಂಚೆ ಎಲ್ಲೋ?"

"ನಿನ್ ಮಗನ್ ಮೈಮೇಲೈತಿ ನೋಡವ್ವ," ಅಂದೆ ನಾನೇ.

ಡ್ರಮ್ಮನ್ನು ಮಾವ ಗೇಟಿಗೆ ಕಟ್ಟಿದ್ದ. ಗೇಟೂ ಡ್ರಮ್ಮೂ ಕೂಡಿಯೇ ಹಾರಿ ಪಕ್ಕದ ಹೊಲದಲ್ಲಿ ಬಿದ್ದಿದ್ದವು.

"ನೋಡು, ಬ್ಯಾರೆ ಬ್ಯಾರೆ ಆಗಿಲ್ಲ," ಅಂದ ಮಾವ.

ಅಷ್ಟರಲ್ಲಿ ಒಂದು ಲಾರಿ ಬಂದು ನಮ್ಮೆದುರು ನಿಧಾನ ಮಾಡಿತು. ಡ್ರೈವರ್ ಕತ್ತು ಹೊರಗೆ ಹಾಕಿದ.

"ಬಿಚ್ಚು ಮಾವ, ನೋಡ್ತಾರೆ."

"ತಡಿ ಮಾರಾಯ. ಗಾಳಿ ಪೂರ್ತಿ ಹೋಗ್ಲಿ."

"ಗಾಳಿ ಎಲ್ಲೈತಿ?"

ಅವನು ಗಂಟನ್ನು ಇನ್ನೊಮ್ಮೆ ಜಗ್ಗಿ ಬಿಗಿದ. ಬಿಚ್ಚುವ ಲಕ್ಷಣ ಇರಲಿಲ್ಲ. ನನ್ನ ಎರಡೂ ಕೈ ಖಾಲಿಯೇ ಇದ್ದವು. ಲಾರಿ ಟಯರನ್ನೇ ಬಿಚ್ಚುವವನಿಗೆ ಒಂದು ಪಂಚೆಯ ಗಂಟು ಯಾವ ಲೆಕ್ಕ?

"ಇವ್ರು ನಿಮ್ಮೋರಾ?" ಅಂತ ಕೂಗಿದ ಡ್ರೈವರ್.

"ಹೌದ್ರೀ," ಅಂದೆ. "ನಮ್ಮ ಮಾವ."

ಗಂಟನ್ನು ಹಾಗೇ ಬಿಟ್ಟೆ.