ಕಾರ್ಯದರ್ಶಿಗಳ ಗೇಮು ಚುರುಕಾದದ್ದು

ಶಶಿಕುಮಾರ ಬೀಡಿ ಸೇದುವವನಲ್ಲ, ಇಸ್ಪೀಟು ಮುಟ್ಟುವವನಲ್ಲ. ಅವನಿಗಿದ್ದ ಕೆಟ್ಟ ಚಟವೆಂದರೆ, ಯಾರು ಏನು ಗೊಣಗಿದರೂ "ಅದ್ಕೇನಂತೆ, ನಾನು ಮಾಡಿಸ್ಕೊಡ್ತೀನಿ" ಅನ್ನುವುದು. ಆ ಬುಧವಾರ ಅವನನ್ನು ಹುಂಜದ ಪಕ್ಕ ಕೂರಿಸಿ ಗುಂಡ್ಲುಪೇಟೆಯ ಬೀದಿ ಬೀದಿ ಸುತ್ತಿಸಿದ್ದು ಆ ಚಟವೇ.

ಅವನು ಚಾಮರಾಜನಗರದಲ್ಲಿ ಅರಿಶಿನ ಬೆಳೆಗಾರರ ಸಂಘವೊಂದರ ಗುಮಾಸ್ತ. ಮನೆ ಗುಂಡ್ಲುಪೇಟೆಯಲ್ಲಿ. ಬೆಳಿಗ್ಗೆ ಮಗಳು ಏಳುವ ಮೊದಲು ಬಸ್ಸು ಹತ್ತಬೇಕು, ಅವಳು ಮಲಗಿದ ಮೇಲೆ ಇಳಿಯಬೇಕು. ಮೂರು ವರ್ಷದ ಆ ಕೂಸು ಹೋದ ಭಾನುವಾರ ಅವನನ್ನು "ಅಂಕಲ್" ಎಂದು ಕರೆದಿತ್ತು. ಹೆಂಡತಿ ಶಿವರಂಜಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಶಿಕುಮಾರ ನಗಲಿಲ್ಲ. ಹಿತ್ತಲಿಗೆ ಹೋಗಿ, ಒಣಗಿದ್ದ ಬಟ್ಟೆಯನ್ನು ಸುಮ್ಮಸುಮ್ಮನೆ ಮಡಿಸುತ್ತ ನಿಂತಿದ್ದು ಬಂದ. ಅವನಿಗೆ ನಿಜವಾಗಿಯೂ ಸಂಕಟವಾಗಿತ್ತು.

ಮಾರನೆಯ ದಿನವೇ ಗುಂಡ್ಲುಪೇಟೆ ಶಾಖೆಗೆ ವರ್ಗ ಕೇಳಿ ಅರ್ಜಿ ಹಾಕಿದ. ಅಲ್ಲಿ ಒಂದು ಜಾಗ ಖಾಲಿಯಿತ್ತು. ಕಾರ್ಯದರ್ಶಿ ಮಲ್ಲಿಕಾರ್ಜುನಸ್ವಾಮಿಯವರ ಸಹಿಯೊಂದು ಬಿದ್ದರೆ ಸಾಕು. ಆದರೆ ಅದು ಬುಧವಾರ ಸಂಜೆಯೊಳಗೆ ಬೀಳಬೇಕು. ಗುರುವಾರ ಬೆಳಿಗ್ಗೆ ಆಡಳಿತ ಮಂಡಳಿಯ ಸಭೆ, ಅಲ್ಲಿ ಬೇರೆ ಹೆಸರಿಲ್ಲದಿದ್ದರೆ ಆ ಕುರ್ಚಿ ಉಮ್ಮತ್ತೂರಿನ ದೇವರಾಜುವಿನ ಪಾಲು.

ಕಾರ್ಯದರ್ಶಿಗಳು ಸಜ್ಜನರು. ಸ್ಕೂಟರು ಕೂಡ ಓಡಿಸಲು ಬಾರದ ಅವರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ದಿನಾ ಕಾರ್ ರೇಸು ಓಡಿಸುತ್ತಿದ್ದರು. ಅಳಿಯ ಕೊಟ್ಟ ಗೇಮ್ ಸೆಟ್ಟು, ಎರಡು ಕೈಯಲ್ಲಿ ಹಿಡಿದು ಆಡುವಂಥದ್ದು. ಮನೆಗೆ ಒಯ್ದರೆ ಹೆಂಡತಿ ಬಚ್ಚಲೊಲೆಗೆ ಹಾಕುತ್ತಾರೆಂಬ ಭಯಕ್ಕೆ ಅದು ಆಫೀಸಿನ ಬೀರುವಿನಲ್ಲೇ ವಾಸವಾಗಿತ್ತು. ಇದು ಭಾರಿ ಗುಟ್ಟು. ಅಂದರೆ ಇಡೀ ಆಫೀಸಿಗೆ ಗೊತ್ತಿತ್ತು.

ಬುಧವಾರ ಬೆಳಿಗ್ಗೆ ಮೈಸೂರಿನ ಮೀಟಿಂಗಿಗೆ ಹೊರಟಿದ್ದ ಕಾರ್ಯದರ್ಶಿಗಳು ಸೆಟ್ಟನ್ನು ಬೀರುವಿಗಿಡುತ್ತ ಶಶಿಕುಮಾರನ ಎದುರು ಗೊಣಗಿದರು.

"ದರಿದ್ರ ಕಣಯ್ಯ ಇದು. ಗುಂಡಿ ಒತ್ತಿ ಕೂತ್ಕಂಡ್ರೆ ಒಂದು ಚಕ್ರ ಸುತ್ತುತ್ತದೆ, ಸುತ್ತುತ್ತದೆ, ಸುತ್ತುತ್ತಾನೇ ಇರ್ತದೆ. ಕಾರು ಬರಾ ಒತ್ಗೆ ಕೈ ಜೋಮು ಹಿಡ್ದೋಯ್ತದೆ."

"ಅದ್ಕೇನಂತೆ ಸಾ!" ಶಶಿಕುಮಾರನ ಬಾಯಿ ಅವನನ್ನು ಕೇಳದೆಯೇ ತೆರೆದುಕೊಂಡಿತು. "ಒಳಗಿರಾ ಸಾಫ್ಟ್‌ವೇರ್ ಬದಲಾಯ್ಸುದ್ರೆ ಟಕ್ ಅಂತ ಆನ್ ಆಯ್ತದೆ. ಗುಂಡ್ಲುಪೇಟೇಲಿ ನಮ್ ಅಮ್ಜದ್ ಅವ್ನೆ. ನೀವು ಸಂಜೆ ಬರಾದ್ರೊಳಗೆ ಮಾಡಿಸ್ಕೊಡ್ತೀನಿ."

"ಯಾರ್ಗೂ ಗೊತ್ತಾಗ್ಬಾರ್ದು. ಕುಮಾರಿಗೂ ಹೇಳ್ಬ್ಯಾಡ," ಎಂದು ಪಿಸುಗುಟ್ಟಿ ಅವರು ಸೆಟ್ಟನ್ನು ಅವನ ಟವೆಲ್ಲಿನೊಳಗೆ ತುರುಕಿದರು.

ಕುಮಾರಿ ಅಂದರೆ ಅವರ ಬಾಗಿಲ ಬಳಿ ಕೂರುವ ಅಟೆಂಡರು. ಫೈಲು ಹಿಡಿದು ಆ ಕೋಣೆಯೊಳಗೆ ಹೋಗಿಬರುವವಳು ಅವಳೊಬ್ಬಳೇ. ಹೊಟ್ಟೆನೋವೆಂದು ಅರ್ಧ ದಿನದ ರಜೆ ಹೇಳಿ ಹೊರಟವನನ್ನು ಅವಳು ಕರುಣೆಯಿಂದ ನೋಡಿದಳು.

"ಓಗಿ ಮಜ್ಜಿಗೆ ಕುಡ್ದು ಮಲಿಕೊ ಶಶಿ. ಅರ್ಜಿ ಯೋಚ್ನೆ ಬುಡು. ಸಂಜೆ ಸಾಹೇಬ್ರು ಬಂದ ತಕ್ಷಣ ಎಲ್ಲಾದ್ಕಿಂತ ಮೇಲ್ಗಡೆ ನಿಂದೇ ಇಡ್ತೀನಿ."

ಬಸ್ಸಿನಲ್ಲಿ ಶಶಿಕುಮಾರನಿಗೆ ಸೀಟು ಸಿಗಲಿಲ್ಲ, ಆದರೂ ಮನಸ್ಸು ಹಗುರವಾಗಿತ್ತು. ಅರ್ಜಿಯೂ ಮೇಲೆ, ಸಾಹೇಬರ ಸಂತೋಷವೂ ಮೇಲೆ. ಇನ್ನು ಸಹಿ ಎಲ್ಲಿಗೆ ಹೋದೀತು!

ಅಮ್ಜದನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಇಬ್ಬರು ನಿಂತರೆ ಮೂರನೆಯವನು ಬೀದಿಯಲ್ಲಿ ನಿಲ್ಲಬೇಕು. ಅವನು ಸೆಟ್ಟನ್ನು ತಿರುಗಿಸಿ ನೋಡಿ ನಕ್ಕ.

"ಕಂಪ್ನಿಯವ್ರು ಬೇಡ್ದಿರೋದೆಲ್ಲ ತುಂಬವ್ರೆ ಶಶಿಯಣ್ಣ. ಆನ್ ಆದಾಗ ಅವೆಲ್ಲ ಒಂದೊಂದಾಗಿ ಎದ್ದು ಮುಖ ತೊಳ್ಕಂಡು ಬರ್ಬೇಕು. ಇದಕ್ಕೆ ಕಸ್ಟಮ್ ಫರ್ಮ್‌ವೇರ್ ಅಂತ ಬೇರೆ ಸಾಫ್ಟ್‌ವೇರ್ ಬತ್ತದೆ, ಯಾರೋ ಪುಣ್ಯಾತ್ಮರು ಬರ್ದು ಪುಕ್ಸಟ್ಟೆ ಕೊಡ್ತಾರೆ. ಆಟ ಬಿಟ್ರೆ ಬೇರೆ ಏನೂ ಏಳಲ್ಲ."

ಹೊಸದನ್ನು ತುಂಬಿದ ಮೆಮೊರಿ ಕಾರ್ಡನ್ನು ಸೆಟ್ಟಿಗೆ ಹಾಕಿ, ಚಾರ್ಜರಿಗೆ ಸಿಕ್ಕಿಸಿ, ಎರಡು ಗುಂಡಿ ಒಟ್ಟಿಗೆ ಒತ್ತಿದ. ಪರದೆಯ ಮೇಲೆ ಹಸಿರು ಗೆರೆಯೊಂದು ಎಡದಿಂದ ಬಲಕ್ಕೆ ಹೊರಟಿತು.

"ಗೆರೆ ಆ ಕಡೆ ಮುಟ್ಟೋ ತನ್ಕ ಆಫ್ ಆಗ್ಬಾರ್ದು. ಬ್ಯಾಟರೀಲಿ ಎರಡು ನಿಮಿಷದ್ದೂ ಇಲ್ಲ, ಚಾರ್ಜರಲ್ಲೇ ಉಸಿರಾಡ್ತಾ ಅದೆ. ಮಧ್ಯದಲ್ಲಿ ಸತ್ರೆ ಇದು ತೂಕದ ಕಲ್ಲಿಗೂ ಬರಲ್ಲ."

ಅವನು ಬಾಯಿ ಮುಚ್ಚುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು.

"ಲೋ, ಪವರ್ ಬ್ಯಾಂಕ್ ಕೊಡೋ!" ಶಶಿಕುಮಾರ ಕಿರುಚಿದ.

"ಮಾರಕ್ಕಿಟ್ಟಿರೋವು ಬೇಕಾದಷ್ಟು ಅವೆ. ಒಂದ್ರಲ್ಲೂ ಚಾರ್ಜಿಲ್ಲ."

ಇಬ್ಬರೂ ಸುತ್ತ ನೋಡಿದರು. ಅಂಗಡಿಯ ಮುಂದೆ ಬಸವಣ್ಣನ ಆಟೋ ಗುಡುಗುಡು ಅನ್ನುತ್ತ ನಿಂತಿತ್ತು. ಅದರಲ್ಲಿ ಮೊಬೈಲ್ ಚಾರ್ಜಿನ ತೂತು ಇತ್ತು. ಮಿಣುಕುತ್ತಿದ್ದ ಸೆಟ್ಟನ್ನು ಎದೆಗವಚಿಕೊಂಡು ಶಶಿಕುಮಾರ ಒಂದೇ ನೆಗೆತಕ್ಕೆ ಆಟೋದೊಳಗೆ ಬಿದ್ದ. ಅಮ್ಜದ್ ವೈರು ಸಿಕ್ಕಿಸಿದ. ಗೆರೆ ಮತ್ತೆ ತೆವಳಿತು.

"ಬಸವಣ್ಣ, ದಮ್ಮಯ್ಯ, ಇಂಜಿನ್ ಆಫ್ ಮಾಡ್ಬ್ಯಾಡ!"

"ಸುಮ್ನೆ ನಿಲ್ಸ್ಕಂಡು ಡೀಸೆಲ್ ಸುಡಕ್ಕೆ ನಮ್ಮಪ್ಪ ಬಂಕ್ ಮಡಗಿಲ್ಲ," ಎಂದ ಬಸವಣ್ಣ. "ನೀನು ಕೂತಿರು, ನಾನು ಬಾಡ್ಗೆ ಓಡಿಸ್ಕತೀನಿ."

ಆಟೋ ಹೊರಟಿತು. ಸಂತೆ ಬೀದಿಯಲ್ಲಿ ರಾಚಮ್ಮ ಎಂಬ ಮುದುಕಿ ಕಾಲು ಕಟ್ಟಿದ ಹುಂಜವೊಂದನ್ನು ಕಂಕುಳಲ್ಲಿಟ್ಟುಕೊಂಡು ಹತ್ತಿದಳು. ಮುಂದಿನ ತಿರುವಿನಲ್ಲಿ ನಿವೃತ್ತ ಮೇಷ್ಟ್ರು ಶಿವಸ್ವಾಮಿ ಏರಿ, ಶಶಿಕುಮಾರನನ್ನು ನಡುವೆ ಒತ್ತಿ ಕೂತರು. ಹುಂಜ ವೈರನ್ನು ನೋಡಿ ಎರೆಹುಳವೆಂದು ತೀರ್ಮಾನಿಸಿ ಕುಕ್ಕಿತು.

"ಅಜ್ಜೀ, ಕೋಳಿ ಹಿಡ್ಕೊ!"

"ಅದೇನ್ ಮಗ, ಎದೆಗೆ ವೈರು ಕೊಟ್ಕಂಡಿದ್ದೀಯೆ? ಆರ್ಟ್ ಪೇಷಂಟಾ? ಇಷ್ಟ್ ಸಣ್ಣ ವಯಸ್ಗೇ!" ರಾಚಮ್ಮ ಸೆರಗಿನಿಂದ ಅವನಿಗೆ ಗಾಳಿ ಬೀಸತೊಡಗಿದಳು.

ಮೇಷ್ಟ್ರು ಸೆಟ್ಟನ್ನು ಮುಟ್ಟಿ ನೋಡಿದರು. "ಏನ್ರೀ, ಕಾದ ಕಾವಲಿ ಆಗಿದೆ! ಸಿಡಿದ್ರೆ ನಾಲ್ಕು ಜೀವ ಹೋಗ್ತದೆ, ಆಫ್ ಮಾಡ್ರಿ ಮೊದ್ಲು!" ಎಂದು ಬೆರಳನ್ನು ನೇರ ಗುಂಡಿಗೇ ತಂದರು. ಶಶಿಕುಮಾರ ಒಂದು ಕೈಯಲ್ಲಿ ಮೇಷ್ಟ್ರ ಬೆರಳು, ಇನ್ನೊಂದರಲ್ಲಿ ಹುಂಜದ ಕತ್ತು ಹಿಡಿದು, ಸೆಟ್ಟನ್ನು ತೊಡೆಗಳ ನಡುವೆ ಅದುಮಿಕೊಂಡ. ಗೆರೆ ಮುಕ್ಕಾಲು ದಾಟಿತ್ತು.

ಅಷ್ಟರಲ್ಲಿ ಬಸವಣ್ಣ ಮೇಷ್ಟ್ರ ಮನೆಗೆಂದು ಒಂದು ಬೀದಿಗೆ ತಿರುಗಿಸಿದ. ಅದು ಶಶಿಕುಮಾರನದ್ದೇ ಬೀದಿ. ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಿವರಂಜಿನಿ ಬಾಗಿಲಲ್ಲೇ ನಿಂತಿದ್ದಳು.

"ರೀ! ಆಫೀಸ್ಗೆ ಓಗಿಲ್ವಾ? ನಿಲ್ಸಿ ಆಟೋನ!"

"ನಿಲ್ಸಂಗಿಲ್ಲ ಕಣೆ! ನಿಲ್ಸುದ್ರೆ ಸತ್ತೋಯ್ತದೆ!"

"ಯಾರ್ರೀ ಸಾಯೋದು?"

ಉತ್ತರಿಸುವಷ್ಟರಲ್ಲಿ ಆಟೋ ಮುಂದೆ ಹೋಗಿತ್ತು. ಕೂಸು ಮಾತ್ರ ಖುಷಿಯಿಂದ ಕೈಬೀಸಿ "ಅಂಕಲ್ ಟಾಟಾ" ಎಂದಿತು.

"ಯಾರ್ ಮಗೀನಪ್ಪ ಅದು," ಎಂದಳು ರಾಚಮ್ಮ, "ಎಲ್ಲಾ ನಿಂದೇ ಅಚ್ಚು!"

ಶಶಿಕುಮಾರನಿಗೆ ಅಳು ಬಂತು. ಅಳಲು ಕೈ ಖಾಲಿ ಇರಲಿಲ್ಲ. ಆಗಲೇ ಗೆರೆ ಬಲತುದಿ ಮುಟ್ಟಿ, ಸೆಟ್ಟು ಒಮ್ಮೆ ಕತ್ತಲಾಗಿ, ಟಕ್ಕನೆ ಬೆಳಗಿ, ಕೆಂಪು ಕಾರೊಂದು ಗುರ್ರ್ ಎಂದು ಎದುರಿಗೆ ನಿಂತಿತು. ರಾಚಮ್ಮ "ಬದುಕ್ಕೊಂಡ!" ಎಂದು ಹುಂಜಕ್ಕೆ ಮುತ್ತಿಟ್ಟಳು.

ಮುಂದಿನ ಬಸ್ಸಿಗೇ ಶಶಿಕುಮಾರ ಸೆಟ್ಟು ಹಿಡಿದು ಚಾಮರಾಜನಗರದ ಆಫೀಸಿಗೆ ವಾಪಸ್ಸಾದ. ಸಂಜೆ ಮೈಸೂರಿನಿಂದ ಬಂದ ಕಾರ್ಯದರ್ಶಿಗಳು ಕೈಕಾಲು ಕೂಡ ತೊಳೆಯಲಿಲ್ಲ. ಗುಂಡಿ ಒತ್ತಿದರು, ಟಕ್. ಆರಿಸಿದರು, ಒತ್ತಿದರು, ಟಕ್. "ಶಶಿ, ನೀನು ಮನುಷ್ಯ ಅಲ್ಲ ಕಣಯ್ಯ!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅಷ್ಟು ಪ್ರೀತಿಯಿಂದ ಅವನ ಮದುವೆಯಲ್ಲಿ ಅವನ ಮಾವನೂ ಮಾತಾಡಿಸಿರಲಿಲ್ಲ. ಶಶಿಕುಮಾರ ಹೊರಗೆ ಬಂದು, ಕುಮಾರಿ ಫೈಲುಗಳ ಕಟ್ಟನ್ನು ಒಳಗೆ ಒಯ್ಯುವುದನ್ನು ನೋಡುತ್ತ ಕೂತ. ಅವನ ಅರ್ಜಿ ಎಲ್ಲದರ ಮೇಲಿತ್ತು.

ಸ್ವಲ್ಪ ಹೊತ್ತಿಗೆ ಕುಮಾರಿ ಅದೇ ಕಟ್ಟನ್ನು ಹೊತ್ತು ಬಂದಳು.

"ಆಯ್ತಾ ಅಕ್ಕ?"

"ಏನ್ ಆಯ್ತು? ಒಂದ್ಕೂ ಸೈನ್ ಬಿದ್ದಿಲ್ಲ. ಅದ್ಯಾವ ಮನೆಹಾಳ ಆ ಗೇಮ್‌ನ ರಿಪೇರಿ ಮಾಡ್ಸ್ದ ಶಶಿ?"

"ಯಾಕಕ್ಕ?"

"ನಿಂಗೊತ್ತಿಲ್ವಾ? ಆನ್ ಮಾಡ್ದಾಗ್ಲೆಲ್ಲ, ಕಾರು ಗುದ್ದಿದಾಗ್ಲೆಲ್ಲ, ಆ ಚಕ್ರ ಸುತ್ತಾ ಇರೋವಾಗ ಅವ್ರಿಗೆ ಹೊತ್ತು ಹೋಗ್ತಿರ್ಲಿಲ್ಲ. ನಾನು ಆಗ ಫೈಲ್ ಮುಂದ್ಕೆ ತಳ್ತಿದ್ದೆ, ಬೇಜಾರಿಗೆ ಸೈನ್ ಮಾಡ್ತಿದ್ರು. ಈ ಸಂಘ ನಡೀತಿದ್ದುದೇ ಆ ಚಕ್ರದಲ್ಲಿ ಕಣಪ್ಪ. ಇವತ್ತು ನಾನು ಪೆನ್ನಿನ ಮುಚ್ಚಳ ತೆಗೆಯಾದ್ರೊಳಗೆ ಕಾರು ಒಂಟೋಯ್ತು."

ಶಶಿಕುಮಾರ ಅರ್ಜಿ ಕಿತ್ತುಕೊಂಡು ತಾನೇ ಒಳಗೆ ನುಗ್ಗಿದ. "ಸಾ, ಇದೊಂದು ಸೈನು, ಇವತ್ತೇ ಆಗ್ಬೇಕು ಸಾ!"

ಕಾರ್ಯದರ್ಶಿಗಳು ತಲೆ ಎತ್ತಲಿಲ್ಲ. ಕುರ್ಚಿಯ ಸಮೇತ ಎಡಕ್ಕೆ ವಾಲಿದ್ದರು. "ತಿರುವಲ್ಲಿದ್ದೀನಿ ಕಣಯ್ಯ, ನಾಳೆ ಬಾ," ಎಂದರು.

ವರಾಂಡಕ್ಕೆ ಬಂದು ಅವನು ಅಮ್ಜದನಿಗೆ ಫೋನು ಮಾಡಿದ.

"ಲೋ, ಮೊದ್ಲಿಂದೇ ವಾಪಸ್ ಹಾಕ್ಬುಡ್ಲಾ!"

"ಅದು ಅಳಿಸೋಯ್ತಲ್ಲ ಶಶಿಯಣ್ಣ. ಯಾಕೆ, ಸಾಲ್ದಾ? ಇದ್ಕಿಂತ ಫಾಸ್ಟ್ ಒಂದು ನಿನ್ನೆ ಬಂದದೆ, ಹಾಕ್ಲಾ?"

"ನಿಧಾನದ್ದು ಬೇಕು ಕಣ್ಲಾ ನಂಗೆ! ನಿಧಾನದ್ದು!"

"ಅದನ್ನ ಯಾರೂ ಪುಕ್ಸಟ್ಟೆ ಬರ್ಕೊಡಲ್ಲ ಅಣ್ಣ," ಎಂದ ಅಮ್ಜದ್.

ಒಳಗೆ ಕಾರು ಯಾವುದಕ್ಕೋ ಡಿಕ್ಕಿ ಹೊಡೆದು ನಿಂತಿತು. ಶಶಿಕುಮಾರ ಅರ್ಜಿ ಹಿಡಿದು ಬಾಗಿಲಿನತ್ತ ಒಂದು ಹೆಜ್ಜೆ ಇಟ್ಟ. ಅಷ್ಟರೊಳಗೆ ಅದು ಟಕ್ಕನೆ ಮತ್ತೆ ಹೊರಟಿತು.