ನೊಣ ಕೂತ ಮೀನು

ಪೈಲಿಗೆ ಈ ಲೋಕದಲ್ಲಿ ಪೂರ್ತಿ ನಂಬಿಕೆ ಇದ್ದದ್ದು ನೊಣದ ಮೇಲೆ ಮಾತ್ರ. ಡಾಕ್ಟರು ಸುಳ್ಳು ಹೇಳಬಹುದು, ಪೇಪರಿನವರು ಸುಳ್ಳು ಬರೆಯಬಹುದು, ಕಟ್ಟಿಕೊಂಡ ಹೆಂಡತಿಯ ಮಾತನ್ನಂತೂ ಕೇಳುವುದೇ ಬೇಡ. ಆದರೆ ನೊಣಕ್ಕೆ ಯಾರ ಹಂಗೂ ಇಲ್ಲ. ಹೆಣ ಕೆಡದಂತೆ ಹಾಕುವ ಔಷಧವನ್ನೇ ಮೀನಿಗೂ ಹಾಕಿ ಮಾರುತ್ತಾರಂತೆ ಎಂಬ ಸುದ್ದಿ ಆಲಪ್ಪುಳದಲ್ಲಿ ಹಬ್ಬಿದಂದಿನಿಂದ ಅವನು ಒಂದು ಮಹಾಸಿದ್ಧಾಂತಕ್ಕೆ ಬಂದಿದ್ದ. ನೊಣ ಕೂರದ ಮೀನು ವಿಷ, ನೊಣ ಮುತ್ತಿದ ಮೀನು ಅಮೃತ. ಐಸಿನಲ್ಲಿ ಮುಚ್ಚಿಟ್ಟ ಮೀನೆಂದರೆ ಅವನ ಲೆಕ್ಕದಲ್ಲಿ ಶವಾಗಾರದಿಂದ ಎದ್ದು ಬಂದದ್ದು. ತನ್ನ ಕೊಡೆ ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಬೋಧಿಸುತ್ತಿದ್ದ. (ಮಳೆ ನಿಲ್ಲುವ ತನಕ ಅವರೂ ಕೇಳುತ್ತಿದ್ದರು.)

ಹೀಗಿರುವಾಗ ಕುಟ್ಟನಾಡಿನಲ್ಲಿ ಅವನ ಮಾವ ತೀರಿಕೊಂಡರು. ಸೂತಕ ಕಳೆಯುವ ನಲವತ್ತೊಂದನೆಯ ದಿನದವರೆಗೆ ಆ ಮನೆಯಲ್ಲಿ ಮೀನು ಮಾಂಸ ಬೇಯಲಿಲ್ಲ. ಸುತ್ತಲೂ ನೀರು, ನೀರಿನ ತುಂಬ ಮೀನು, ತಟ್ಟೆಯಲ್ಲಿ ಮಾತ್ರ ಬರೀ ಹೆಸರುಕಾಳು. ದುಃಖಕ್ಕಿಂತ ಬಾಯಿಚಪಲವೇ ದೊಡ್ಡದಾಗಿ, ಎಲ್ಲರೂ ಆ ದಿನದ ಊಟಕ್ಕೇ ಕಾದು ಕೂತಿದ್ದರು. ಮಾಂಸದ ಏರ್ಪಾಡನ್ನು ಹೆಂಡತಿಯ ಅಣ್ಣ ವಕ್ಕಚ್ಚನ್ ವಹಿಸಿಕೊಂಡ. ಮೀನನ್ನು ಪೈಲಿಗೆ ಬಿಟ್ಟರು. ಮದುವೆಯಾದಂದಿನಿಂದ ಆ ಮನೆಯಲ್ಲಿ ಅವನಿಗೆ ಸಿಕ್ಕಿದ್ದ ಅತಿ ದೊಡ್ಡ ಜವಾಬ್ದಾರಿಯೆಂದರೆ ಚಪ್ಪರದಡಿ ಕುರ್ಚಿ ಹಾಕಿಸುವುದು. ಈಗ ಸಾಕ್ಷಾತ್ ಮೀನು! ಪೈಲಿಯ ಎದೆ ಉಬ್ಬಿತು.

ಆ ದಿನ ಬೆಳಿಗ್ಗೆ ಮಾವನ ಮನೆಯಿಂದ ಹೊರಡುವಾಗ ಹೆಂಡತಿ ಏಲಮ್ಮ ದೊಡ್ಡದೊಂದು ಥರ್ಮೋಕೋಲ್ ಡಬ್ಬ ತಂದು ಸ್ಕೂಟರಿನ ಮೇಲಿಟ್ಟಳು.

"ಇಚ್ಚಾಯಾ, ಮೀನಿಗೆ ಐಸ್ ಹಾಕಿಸ್ಕೊಂಡು ಇದ್ರಲ್ಲಿ ತನ್ನಿ."

"ಏನೇ, ನಿಮ್ಮಪ್ಪನ ಹೆಸರಲ್ಲಿ ಹಾಕೋ ಊಟಕ್ಕೆ ಹೆಣದ ಮೀನು ಬಡಿಸ್ಬೇಕಾ?"

"ಐಸಿಗೂ ಆ ಔಷಧಕ್ಕೂ ಏನ್ರೀ ಸಂಬಂಧ? ಬಿಸಿಲು ನೋಡಿ, ನೆತ್ತಿ ಸುಡ್ತಾ ಇದೆ."

"ಬಿಸಿಲು ದೇವರು ಕೊಟ್ಟಿದ್ದು. ಐಸ್ ಯಾರು ಕೊಟ್ಟಿದ್ದು?"

"ನಿಮ್ಮ ಸ್ಕೂಟರ್ ಯಾರು ಕೊಟ್ಟಿದ್ದು? ನಮ್ಮಪ್ಪ. ದೇವರು ಕೊಟ್ಟ ಕಾಲಿದೆಯಲ್ಲ, ನಡ್ಕೊಂಡು ಹೋಗಿ!"

ಪೈಲಿ ಡಬ್ಬವನ್ನು ಜಗಲಿಯ ಮೇಲಿಟ್ಟು ಸ್ಕೂಟರ್ ಹತ್ತಿದ.

ಕಡಲ ದಂಡೆಯ ಮೀನು ಮಾರ್ಕೆಟ್ಟಿನಲ್ಲಿ ಎಲ್ಲರ ಮುಂದೆಯೂ ಐಸಿನ ರಾಶಿ. ಮೂಗು ಮುಚ್ಚಿಕೊಂಡು ಅದನ್ನೆಲ್ಲ ದಾಟಿದವನಿಗೆ ಮೂಲೆಯಲ್ಲಿ ತೋಳುದ್ದದ ಚೂರ ಮೀನುಗಳು ಕಂಡವು. ಕತ್ತರಿಸಿದರೆ ಕುರಿಯ ಮಾಂಸದಂತೆ ಕೆಂಪಗಿರುವ ದಪ್ಪ ಮೀನು. ಮೇಲೆ ಐಸಿನ ಚೂರೂ ಇರಲಿಲ್ಲ.

"ಅದು ಬೇಡ ಸಾರ್," ಎಂದ ಮಾರುವವನು. "ಹಾಳಾದ ಐಸಿನ ಗಾಡಿ ಇವತ್ತು ಕೈಕೊಡ್ತು. ಬೆಳಗಿಂದ ಹೊರಗೇ ಬಿದ್ದಿದೆ. ಆ ಕಡೆ ಐಸಲ್ಲಿರೋದು ತಗೊಳ್ಳಿ."

"ನೊಣ ಕೂರ್ತಾವಾ?"

"ಕೂರೋದೇನು ಸಾರ್, ಸಂಸಾರ ಹೂಡಿದ್ದಾವೆ."

"ಹಾಗಾದ್ರೆ ಅಷ್ಟನ್ನೂ ಕಟ್ಟು!"

ಗೋಣಿಚೀಲದಲ್ಲಿ ಸುತ್ತಿಸಿ, ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಹೇರಿಕೊಂಡು ಪೈಲಿ ಹೊರಟ. ಹಿನ್ನೀರು ದಾಟಿಸುವ ಕಡವಿನಲ್ಲಿ ವಾಹನಗಳ ಸಾಲು ಬೆಳೆದಿತ್ತು. ನಡು ಮಧ್ಯಾಹ್ನ ಹತ್ತಿರವಾಗುತ್ತಿತ್ತು. ನೆರಳಿಲ್ಲ. ಪೈಲಿಗೆ ಬೇಸರವೂ ಇಲ್ಲ. ಗೋಣಿ ಬಿಚ್ಚಿ ಬಿಚ್ಚಿ ಹಿಂದೆ ಮುಂದೆ ನಿಂತವರಿಗೆಲ್ಲ ನೊಣಗಳನ್ನು ತೋರಿಸಿದ.

ಮನೆಯಲ್ಲಿ ಏಲಮ್ಮ ಮೀನನ್ನು ಒತ್ತಿ ನೋಡಿ ಮುಖ ಸಿಂಡರಿಸಿದಳು. "ಮೆತ್ತಗಾಗಿದೆಯಲ್ರೀ. ನಂಗ್ಯಾಕೋ ಸರಿ ಕಾಣ್ತಿಲ್ಲ."

"ವಾಸನೆ ಇದೆಯಾ? ಇಲ್ಲ. ಚೆನ್ನಾಗಿ ಕುದಿಸು. ಕುದಿಯೋ ಸಾರಲ್ಲಿ ಯಾವ ರೋಗ ಉಳಿಯುತ್ತೆ?"

ಮೂಗಿನ ಹತ್ತಿರ ತಂದರೂ ಕೆಟ್ಟ ವಾಸನೆ ಬರಲಿಲ್ಲ. ಹೊರಗೆ ಪಾದ್ರಿ ಬಂದಾಗಿತ್ತು, ನೆಂಟರು ಹಸಿದಿದ್ದರು. ಅವಳು ಸೋತಳು. ಕೊಡಂಪುಳಿಯ ಹುಳಿ ಬಿಟ್ಟ ಕೆಂಪು ಸಾರು ಮಣ್ಣಿನ ಹಂಡೆಯಲ್ಲಿ ಕೊತಕೊತ ಕುದಿಯಿತು.

ಬೇಯಿಸಿದ ಮರಗೆಣಸು, ಅದರ ಮೇಲೆ ಮೀನಿನ ಸಾರು. ಮೊದಲ ಪಂಕ್ತಿಯಲ್ಲಿ ಮಾತೇ ಇಲ್ಲ, ಚಪ್ಪರಿಸುವ ಸದ್ದು ಮಾತ್ರ. ಅತ್ತೆ ತ್ರೇಸ್ಯಾಮ್ಮ, ಎದೆನೋವಿನ ಮಾತ್ರೆಯಲ್ಲೇ ಬದುಕುತ್ತಿದ್ದ ಮುದುಕಿ, ಗಂಡ ಸತ್ತ ಮೇಲೆ ಮೊದಲ ಬಾರಿಗೆ ಎರಡನೆಯ ಸಲ ಬಡಿಸಿಕೊಂಡರು. ಪೈಲಿಯೇ ಸೌಟು ಹಿಡಿದು ಓಡಾಡುತ್ತಿದ್ದ.

"ಮೆಣಸು ಜೋರಾಗೇ ಬಿದ್ದಿದೆ, ನಾಲಿಗೆ ಚುರುಚುರು ಅಂತಿದೆ," ಎಂದರು ಪಾದ್ರಿ.

"ಅದು ಮೀನಿನ ತಾಜಾತನ ಅಚ್ಚೋ!" ಎಂದ ಪೈಲಿ.

ಪಂಕ್ತಿ ಏಳುವಷ್ಟರಲ್ಲಿ ಪಾದ್ರಿಯ ಮುಖ ಕೆಂಪಾಯಿತು. ಸೆಕೆಗೆ ಎಂದುಕೊಂಡರು. ಆಮೇಲೆ ವಕ್ಕಚ್ಚನ್ ತಲೆ ಹಿಡಿದುಕೊಂಡು ಕೂತ. ಅವನ ಕಪ್ಪು ಮುಖ ತಾಮ್ರದ ಕೊಡದಂತಾಗಿತ್ತು. ಒಬ್ಬೊಬ್ಬರಾಗಿ ಚಪ್ಪರದ ತುಂಬ ಜನ ಕೆಂಪಾದರು. ಕೆಲವರು ಎದೆ ಬಡಿದುಕೊಳ್ಳುತ್ತಿದೆ ಎಂದರು, ಕೆಲವರು ಹಿತ್ತಲಿಗೆ ಓಡಿದರು. ತ್ರೇಸ್ಯಾಮ್ಮ ಕುರ್ಚಿಯಿಂದ ಮೆಲ್ಲಗೆ ಜಾರಿ, ಗಂಡನ ಫೋಟೋದ ಕೆಳಗೆ ಬಿದ್ದರು.

ಪೈಲಿಯ ಕೈಯಿಂದ ಸೌಟು ಬಿತ್ತು.

ದೋಣಿಯಲ್ಲಿ ಆಸ್ಪತ್ರೆಗೆ ಒಯ್ಯುವಾಗ ಅತ್ತೆಯ ಕೈ ಅವನ ಕೈಯಲ್ಲಿತ್ತು. ಕೆಂಪಗಿದ್ದರೂ ತಣ್ಣಗಿತ್ತು. ನಾಡಿ ಸಿಗುತ್ತಿರಲಿಲ್ಲ. ಏಲಮ್ಮ ಅವನ ಕಡೆ ನೋಡಲೂ ಇಲ್ಲ. ಅದು ಬೈಗುಳಕ್ಕಿಂತ ಕಠಿಣವಾಗಿತ್ತು. ಅತ್ತೆಯನ್ನು ನೇರವಾಗಿ ಐಸಿಯುಗೆ ಸೇರಿಸಿದರು. ಬಿ.ಪಿ. ಪೂರ್ತಿ ಇಳಿದಿದೆ, ಹೇಳಲಾಗದು ಎಂದರು ಡಾಕ್ಟರಮ್ಮ. ಸಾಯುವ ಮುನ್ನ ಹಚ್ಚುವ ಕೊನೆಯ ತೈಲ ಹಚ್ಚಿಸಲು ಪಾದ್ರಿಯನ್ನು ಕರೆಯಲು ಹೋದರೆ, ಅವರು ಪಕ್ಕದ ವಾರ್ಡಿನಲ್ಲೇ ಮಲಗಿದ್ದರು. ಗ್ಲೂಕೋಸ್ ಬಾಟಲಿಯ ಕಂಬ ತಳ್ಳಿಕೊಂಡು, ಗೋಡೆ ಹಿಡಿದುಕೊಂಡು ಬಂದರು. ಪ್ರಾರ್ಥನೆಯ ನಡುವೆ ಎರಡು ಸಲ ಕಕ್ಕಸಿಗೆ ಹೋಗಿ ಬಂದರು.

"ಉಳಿದ ಮೀನಿದ್ದರೆ ತನ್ನಿ, ಪರೀಕ್ಷೆಗೆ ಬೇಕು," ಎಂದಿದ್ದರು ಡಾಕ್ಟರಮ್ಮ. ಹಂಡೆಯ ತಳದಲ್ಲಿ ಪೈಲಿಗೆಂದು ಏಲಮ್ಮ ಎತ್ತಿಟ್ಟಿದ್ದ ಒಂದೇ ಒಂದು ಬಾಲದ ತುಂಡು ಉಳಿದಿತ್ತು. ಅದನ್ನು ಟಿಫಿನ್ ಡಬ್ಬಿಯಲ್ಲಿ ಹಾಕಿಕೊಂಡು ಅವನು ಆಸ್ಪತ್ರೆಗೆ ಮರಳಿದಾಗ, ಕಾರಿಡಾರಿನ ಬೆಂಚಿನ ಮೇಲೆ ಕೆಂಪು ಕೆಂಪಾಗಿ ಕೂತಿದ್ದ ನೆಂಟರೆಲ್ಲ ಅವನತ್ತ ತಿರುಗಿದರು.

ವಕ್ಕಚ್ಚನ್ ಎದ್ದು ಬಂದ. "ಪೈಲೀ, ಊರೆಲ್ಲ ಕೆಂಪಾಗಿದೆ. ನೀನು ಮಾತ್ರ ಹಿಟ್ಟು ಬಳಿದ ಹಾಗೆ ಬೆಳ್ಳಗಿದ್ದೀಯಲ್ಲ?"

"ನಾನಿನ್ನೂ ಊಟಾನೇ ಮಾಡಿಲ್ಲ ಭಾವ."

"ಅದನ್ನೇ ಕೇಳ್ತಿರೋದು. ತಂದವನು ನೀನು. ಬಡಿಸಿದವನು ನೀನು. ತಿನ್ನದೇ ಇದ್ದವನೂ ನೀನೇ! ಏನು ಹಾಕಿದ್ದೆ ಅದ್ರಲ್ಲಿ?"

ಪೈಲಿ ಸುತ್ತಲೂ ನೋಡಿದ. ಎಲ್ಲರ ಕಣ್ಣಲ್ಲೂ ಅದೇ ಪ್ರಶ್ನೆ. ಏಲಮ್ಮನೂ ತಲೆ ಎತ್ತಿದಳು. ಅವಳ ಕಣ್ಣಲ್ಲಿಯೂ ಒಂದು ಗಳಿಗೆ ಅದು ಕಂಡಾಗ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ನಾನು ವಿಷ ಹಾಕಿದ್ನಾ? ನಾನಾ?" ಎಂದವನೇ ಡಬ್ಬಿಯ ಮುಚ್ಚಳ ಕಿತ್ತ. "ರೀ, ಬೇಡ!" ಎಂದು ಏಲಮ್ಮ ಹಾರಿ ಬರುವಷ್ಟರಲ್ಲಿ ಬಾಲದ ತುಂಡು ಮೂಳೆ ಸಮೇತ ಬಾಯೊಳಗೆ ಹೋಗಿತ್ತು. ಸಾರನ್ನೂ ಡಬ್ಬಿಯೆತ್ತಿ ಕುಡಿದು, ಹುತಾತ್ಮನಂತೆ ಬಾಯಿ ಒರೆಸಿಕೊಂಡ.

ಬಾಗಿಲು ತೆರೆದು ಡಾಕ್ಟರಮ್ಮ ಹೊರಬಂದರು. "ಮೀನು ತಂದ್ರಾ?"

ಪೈಲಿ ಖಾಲಿ ಡಬ್ಬಿ ಚಾಚಿದ.

"ಐಸಲ್ಲಿಟ್ಟಿದ್ದ ಮೀನಾ?"

"ಒಂದು ಚೂರೂ ಐಸ್ ತಾಕಿಸಿಲ್ಲ ಡಾಕ್ಟ್ರೇ!" ಈ ಹೊತ್ತಿನಲ್ಲೂ ಅವನ ದನಿಯಲ್ಲಿ ಹೆಮ್ಮೆಯಿತ್ತು.

"ಅದೇ ಆಗಿರೋದು. ಈ ಜಾತಿ ಮೀನು ಬಿಸಿಲಲ್ಲಿ ಬಿದ್ದಿದ್ರೆ ಒಳಗೊಳಗೇ ವಿಷ ಹುಟ್ಟುತ್ತೆ. ವಾಸನೆ ಬರಬೇಕೆಂದಿಲ್ಲ. ಒಮ್ಮೆ ಹುಟ್ಟಿದ್ರೆ ಎಷ್ಟು ಕುದಿಸಿದ್ರೂ ಹೋಗಲ್ಲ."

ವಕ್ಕಚ್ಚನ್ ಹಲ್ಲು ಕಡಿದ. "ಮೀನನ್ನ ಐಸಲ್ಲಿಡು ಅಂದ್ರೆ, ಅಮ್ಮನ್ನ ಐಸಿಯುನಲ್ಲಿಟ್ಟ!"

ಪೈಲಿಯ ನಾಲಿಗೆ ಚುರುಗುಟ್ಟುತ್ತಿತ್ತು. ಕಿವಿಗಳು ಬಿಸಿಯಾದವು.

ಇಂಜೆಕ್ಷನ್ ಚುಚ್ಚಿಸಿಕೊಂಡು ಮಲಗಿದ್ದಾಗ ತಲೆ ಸಿಡಿಯುತ್ತಿದ್ದರೂ ಅವನ ಕಿವಿಯೆಲ್ಲ ಐಸಿಯು ಬಾಗಿಲಿನ ಕಡೆಗೇ ಇತ್ತು. ಅಲ್ಲಿ ಯಾರಾದರೂ ಜೋರಾಗಿ ನಡೆದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಮುದುಕಿಯನ್ನೂ ಮಣ್ಣು ಮಾಡುವಂತಾದರೆ ಏಲಮ್ಮನ ಮುಖವನ್ನು ಈ ಜನ್ಮದಲ್ಲಿ ಹೇಗೆ ನೋಡಲಿ ಎಂದು ದಿಂಬಿನಲ್ಲಿ ಮುಖ ಹುದುಗಿಸಿ ಅತ್ತ. ಸಂಜೆಗೆ ಏಲಮ್ಮ ಬಂದು, ಮಂಚದ ಅಂಚಿನಲ್ಲಿ ಕೂತು, "ಕಣ್ಣು ಬಿಟ್ರು," ಎಂದಳು. ಎದ್ದು ಹೋಗಲಿಲ್ಲ.

ಎಲ್ಲರೂ ಉಳಿದರು. ತ್ರೇಸ್ಯಾಮ್ಮ ಮಾತ್ರ ಬಹಳ ದಿನ ಕೋಲು ಹಿಡಿದೇ ನಡೆದರು. ಅವರು ಸುಧಾರಿಸಿದ ಮೇಲೆ ಮನೆಮಂದಿಯೆಲ್ಲ ಒಟ್ಟಿಗೆ ಊಟಕ್ಕೆ ಕೂತ ಮೊದಲ ಭಾನುವಾರ ಪೈಲಿಗೆ ಆಶ್ಚರ್ಯ ಕಾದಿತ್ತು. ಮೊಟ್ಟಮೊದಲು ಅವನ ತಟ್ಟೆಗೇ ಮೀನಿನ ಸಾರು ಬಡಿಸಿದರು, ಅದೂ ಭರ್ತಿಯಾಗಿ. ಕ್ಷಮಿಸಿಬಿಟ್ಟರೆಂದು ಅವನ ಕಣ್ಣು ತುಂಬಿ ಬಂತು.

"ನೀವೆಲ್ಲ ಬಡಿಸ್ಕೊಳ್ಳಿ," ಎಂದ.

"ಮೊದ್ಲು ನೀನು ತಿನ್ನಪ್ಪಾ," ಎಂದರು ಅತ್ತೆ.

ಅವನು ತಿಂದ. ಉಳಿದವರೆಲ್ಲ ಖಾಲಿ ತಟ್ಟೆಯ ಮುಂದೆ ಕೈ ಕಟ್ಟಿ ಕೂತು ಅವನ ಮುಖವನ್ನೇ ನೋಡುತ್ತಿದ್ದರು. ಯಾರೂ ಅಲುಗಾಡಲಿಲ್ಲ. ವಕ್ಕಚ್ಚನ್ ಗೋಡೆ ಗಡಿಯಾರ ನೋಡಿದ, ಆಮೇಲೆ ಪೈಲಿಯ ಕಿವಿ ನೋಡಿದ. ಬಹಳ ಹೊತ್ತಾದ ಮೇಲೆ ತ್ರೇಸ್ಯಾಮ್ಮ ಕನ್ನಡಕ ಹಾಕಿಕೊಂಡು, ಬಾಗಿ, ಅವನ ಕೆನ್ನೆಗಳನ್ನು ಪರೀಕ್ಷಿಸಿದರು.

"ಇನ್ನೂ ಬೆಳ್ಳಗೇ ಇದ್ದಾನೆ. ಬಡಿಸಿ."