ಗೆರೆ ಎಲ್ಲಿ ಬಿತ್ತು ಮೇಡಂ?

ನಾನು ಮಧುಗಿರಿ ಕಡೆ ಸರ್ವೆಯರ್. ಹೊಲ, ಊರು, ತಾಲ್ಲೂಕು ಎಲ್ಲಿಗೆ ಮುಗಿಯುತ್ತದೆ ಅಂತ ಅಳೆದು ಹೇಳುವುದು ನನ್ನ ಕೆಲಸ. ನಕ್ಷೆ ಬಿಚ್ಚಿದರೆ ಸಾಕು, ಜನ ಓಡಿ ಬರುತ್ತಾರೆ. ಜನ ಸೇರಿದ ಮೇಲೆ ಏನಾದರೊಂದು ಆಗದೆ ಇರುತ್ತದೆಯೇ? ಬಸ್ಸಿನಲ್ಲಿ ಅದನ್ನೆಲ್ಲ ನೆನೆದು ಒಬ್ಬಳೇ ನಗುತ್ತಿದ್ದರೆ ಪಕ್ಕದವರು ಜರುಗಿ ಕೂರುತ್ತಾರೆ!

ಬೌಂಡರಿ

ಶಿರಾ ತಾಲ್ಲೂಕು, ತಾವರೆಕೆರೆ ಹತ್ತಿರದ ಒಂದೂರು. ಗೋಮಾಳದ ಗಡಿ ಗುರುತಿಸಬೇಕಿತ್ತು. ಪಂಚಾಯ್ತಿ ಮೆಂಬರಿಗೆ ಫೋನ್ ಮಾಡಿ, "ನಾಳೆ ಬೌಂಡರಿ ಹಾಕೋಕೆ ಬರ್ತೀನಿ, ಊರವರು ಇರಲಿ" ಅಂದಿದ್ದೆ.

ಹೋಗಿ ನೋಡಿದರೆ ಇಡೀ ಕ್ರಿಕೆಟ್ ಟೀಮೇ ನಿಂತಿದೆ! ಮೈದಾನ ಗುಡಿಸಿದ್ದಾರೆ, ಸುಣ್ಣದ ಪುಡಿಯ ಚೀಲ ತಂದಿಟ್ಟಿದ್ದಾರೆ. ಕ್ಯಾಪ್ಟನ್ ಎಳನೀರು ಕೈಗಿಟ್ಟು ಮೆಲ್ಲಗೆ ಹೇಳಿದ: "ಮೇಡಂ, ಆ ಕಡೆ ಬೌಂಡರಿ ಒಸಿ ಹತ್ರಕ್ಕೆ ಹಾಕ್ಬುಡಿ. ನಮ್ ಓಪನರ್ಗೆ ಮಂಡಿ ನೋವು."

"ಅಪ್ಪಾ, ನಾನು ಬಂದಿರೋದು ಗೋಮಾಳದ ಬೌಂಡರಿಗೆ!"

ಅವನ ಮುಖ ಬಾಡಿತು. ಸ್ವಲ್ಪ ಯೋಚಿಸಿ ಮತ್ತೆ ಕೇಳಿದ: "ಹೋಗ್ಲಿ, ಗೋಮಾಳ ದಾಟಿದ್ರೆ ಸಿಕ್ಸ್ ಕೊಡ್ಬೋದಾ ಮೇಡಂ?"

ಹಳ್ಳ ಯಾರದು?

ಕೊರಟಗೆರೆ ಕಡೆ ಇಬ್ಬರು ರೈತರ ಹೊಲದ ನಡುವೆ ಒಂದು ಹಳ್ಳ. ಅದೇ ಗಡಿ. ಒಂದು ವರ್ಷ ಜೋರು ಮಳೆ ಬಂದು ಹಳ್ಳ ತನ್ನ ದಾರಿಯನ್ನೇ ಬದಲಿಸಿತು. ಈಚೆಯವನ ಹೊಲದೊಳಕ್ಕೇ ನುಗ್ಗಿ ಹರಿದದ್ದರಿಂದ ಅವನ ಹಲಸಿನ ಮರ ಆಚೆ ದಡಕ್ಕೆ ಸೇರಿಬಿಟ್ಟಿತು. ಮರದ ತುಂಬ ಕಾಯಿ!

"ಹಳ್ಳನೇ ಗಡಿ ಅಂತ ನಮ್ ತಾತನ ಕಾಲದಿಂದ ಐತೆ. ಮರ ನಂದು" ಅಂದ ಆಚೆಯವನು.

ನಾನು ನಕ್ಷೆ ಹಿಡಿದು ಅಳೆದೆ. ಮರ ಈಚೆಯವನದೇ ಅಂತ ಬಂತು. ಸೋತವನು ಸುಮ್ಮನಾಗಲಿಲ್ಲ.

"ಆಗ್ಲಿ, ಮರ ಅವ್ನೇ ಮಡಿಕ್ಕಳ್ಲಿ. ನಮ್ ಹಳ್ಳ ಅವ್ನ ಹೊಲ್ದಾಗೆ ಹರೀತೈತಲ್ಲ, ಅದನ್ನ ವಾಪಸ್ ಕೊಡ್ಸಿ ಮೇಡಂ!"

ಗೆದ್ದವನು ಆಗಲೇ ಮರ ಹತ್ತಿದ್ದ. ಮೇಲಿಂದಲೇ ಕೂಗಿದ: "ಬಿಂದಿಗೆ ತತ್ತಾರ್ಲಾ, ತುಂಬಿ ಕೊಡ್ತೀನಿ!"

ಒಲೆ ಯಾವ ರಾಜ್ಯ?

ಪಾವಗಡ ದಾಟಿದರೆ ಗಡಿ ಊರುಗಳಲ್ಲಿ ಕನ್ನಡ ಎಲ್ಲಿ ನಿಂತಿತು, ತೆಲುಗು ಎಲ್ಲಿ ಶುರುವಾಯಿತು ಅಂತ ಯಾರಿಗೂ ತಿಳಿಯದು. ಅಂಥ ಒಂದೂರಿನ ಕೊನೇ ಮನೆಯವರು ಹಿಂಭಾಗಕ್ಕೆ ಹೊಸ ಅಡುಗೆಮನೆ ಕಟ್ಟಿಸಿದ್ದರು. ಅದು ರಾಜ್ಯದ ಗಡಿ ದಾಟಿದೆ ಅಂತ ಯಾರೋ ದೂರು ಕೊಟ್ಟರು. ಆಂಧ್ರದ ಸರ್ವೆಯರೂ ನಾನೂ ಒಟ್ಟಿಗೆ ಅಳೆಯಲು ಹೋದೆವು.

ಜಗಲಿ ಮೇಲೆ ಅತ್ತೆ ಕೂತಿದ್ದರು. ಒಳಗೆ ಆಂಧ್ರದಿಂದ ತಂದ ಸೊಸೆ ಮುಖ ಊದಿಸಿಕೊಂಡು ಅಡುಗೆ ಮಾಡುತ್ತಿದ್ದಳು. ಅವಳ ತಂಗಿಗೆ ನಿಶ್ಚಿತಾರ್ಥವಂತೆ, ಅತ್ತೆ ಕಳಿಸುತ್ತಿಲ್ಲ.

"ಮೊನ್ನೆ ತಾನೇ ತೌರಿಗೆ ಹೋಗ್ಬಂದವ್ಳೆ ಕಣಮ್ಮ" ಎಂದರು ಅತ್ತೆ ನನಗೆ. "ದೀಪಾವಳಿ ತಂಕ ಆಂಧ್ರದ ಕಡೆ ಕಾಲಿಕ್ಕಂಗಿಲ್ಲ ಅಂತ ಹೇಳ್ಬುಟ್ಟಿವ್ನಿ."

ಅಳೆದು ಮುಗಿಸಿ ಹೇಳಿದೆ: "ಅಮ್ಮ, ಹಜಾರ ಕರ್ನಾಟಕ. ಅಡುಗೆಮನೆ ಪೂರ್ತಿ ಆಂಧ್ರ."

ಸೊಸೆ ಮುದ್ದೆ ಕೋಲು ಹಿಡಿದೇ ಓಡಿ ಬಂದಳು. "ನಿಜಮಾ ಮೇಡಂ? ಒಲೆ ಆಂಧ್ರದಾಗೈತಾ?"

"ಹೌದಮ್ಮ."

ಅವಳು ಕೋಲನ್ನು ಅತ್ತೆಯ ಮುಂದಿಟ್ಟು ಹಜಾರದಲ್ಲಿ ಚಕ್ಕಂಬಕ್ಕಳ ಹಾಕಿ ಕೂತಳು. "ಅತ್ತಮ್ಮಾ, ನಿಮ್ ಮಾತು ನಾನು ಮೀರಲ್ಲ. ಆಂಧ್ರದ ಕಡೆ ಕಾಲಿಕ್ಕಲ್ಲ. ಮುದ್ದೆ ನೀವೇ ತಿರುವಿ."

ಆಂಧ್ರದ ಸರ್ವೆಯರು ನಗು ತಡೆಯಲಾರದೆ ಅಂಗಳಕ್ಕೆ ಓಡಿದರು. ಒಳಗಿಂದ ತಳ ಹತ್ತಿದ ವಾಸನೆ ಬರತೊಡಗಿತು. ಅತ್ತೆ ನನ್ನನ್ನು ನೋಡಿದರು, ಸೊಸೆಯನ್ನು ನೋಡಿದರು, ಆಮೇಲೆ ಮಗನನ್ನು ಕೂಗಿದರು:

"ಲೇ! ನಾಳೆ ಇವ್ಳನ್ನ ತೌರಿಗೆ ಬುಟ್ಬುಟ್ ಬಾ ಕಣ್ಲಾ! ಈಗ ಬಿರ್ನೆ ಆಂಧ್ರಕ್ಕೋಗಿ ಮುದ್ದೆ ಇಳಿಸು ಅನ್ನು!"